ಹಳೇ ಅಂಬಾಸಿಡರ್‌ಗೆ ತಗಡು ಹಾಕಿಸೋಕೆ ಕೊಟ್ಟೆ, ಒಳಗೆ ಸಿಕ್ಕಿದ್ದು ನ್ಯೂಸ್‌ ಪೇಪರ್

ಹಳೇ ಗಾಡಿಯ ತುಕ್ಕು ತೆಗೆಸಿ ಹೊಸ ತಗಡು ಹಾಕಿಸಬೇಕು ಅಂತಿರುವವರು ಇದನ್ನು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ. ಎರಡು ಸಲ ಬರೆದು ಅಳಿಸಿದ್ದೇನೆ. ಆದರೆ ಮೊನ್ನೆ ಜಮಖಂಡಿಯವರೊಬ್ಬರು ಫೋನ್ ಮಾಡಿ, ನನಗೆ ಮೋಸ ಮಾಡಿದ ಗ್ಯಾರೇಜಿನ ಬಗ್ಗೆಯೇ "ಕೆಲಸ ಹೆಂಗ ಮಾಡ್ತಾನ್ರೀ ಸರ್?" ಅಂತ ಕೇಳಿದರು. ಅವರ ಜೀಪು ಉಳಿಯಿತು. ಇನ್ನೂ ಯಾರ್ಯಾರು ಹೊರಟಿದ್ದಾರೋ ಗೊತ್ತಿಲ್ಲ, ಅದಕ್ಕೇ ಬರೆದೇ ಬಿಡುತ್ತಿದ್ದೇನೆ.

ಹೆಸರು ಹಾಕುವುದಿಲ್ಲ. ಬೆಳಗಾವಿಯ ಒಂದು ಟಿಂಕರಿಂಗ್ ಗ್ಯಾರೇಜ್, ಅಂದರೆ ಗಾಡಿಯ ತಗಡಿನ ಕೆಲಸ ಮಾಡುವ ಜಾಗ, ಅಷ್ಟು ಸಾಕು. ಬೆಳಗಾವಿಯಲ್ಲಿ ಒಳ್ಳೇ ಕೆಲಸಗಾರರು ಬೇಕಾದಷ್ಟಿದ್ದಾರೆ, ಅವರ ಮೇಲೆ ನನ್ನ ಸಿಟ್ಟಿಲ್ಲ.

ಗಾಡಿ 1986ರ ಅಂಬಾಸಿಡರ್, ಮಾರ್ಕ್ 4. ಪೆಟ್ರೋಲ್, 1489 ಸಿಸಿ. ಗೇರ್ ಸ್ಟಿಯರಿಂಗ್ ಪಕ್ಕದಲ್ಲಿದೆ, ಕೆಳಗೆ ಫ್ಲೋರಿನಲ್ಲಿ ಅಲ್ಲ. ಇದನ್ನು ನೆನಪಿಡಿ. ಅಪ್ಪ ಕಾರವಾರದಲ್ಲಿ ನೌಕರಿಯಲ್ಲಿದ್ದಾಗ ತೊಗೊಂಡಿದ್ದು. ಹನ್ನೊಂದು ವರ್ಷ ಸಮುದ್ರದ ಗಾಳಿ ಕುಡಿದ ಗಾಡಿ. ಬಾಗಲಕೋಟೆಯ ಬಿಸಿಲಿಗೆ ಬಂದ ಮೇಲೆ ತುಕ್ಕು ಕಡಿಮೆ ಆಯಿತು ಅಂದುಕೊಂಡಿದ್ದೆವು. ಉಪ್ಪು ಒಳಗೇ ಕೂತಿತ್ತು, ಮೆಲ್ಲಗೆ ತಿನ್ನುತ್ತಿತ್ತು.

ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವವನು. ಎರಡು ವರ್ಷದಿಂದ ರವಿವಾರ ಬಂದರೆ ಗಾಡಿ ಕೆಲಸ. ಬ್ರೇಕ್ ಮಾಸ್ಟರ್ ಸಿಲಿಂಡರ್ ಕಿಟ್, ನಾಲ್ಕೂ ಗಾಲಿಯ ವೀಲ್ ಸಿಲಿಂಡರ್, ರೇಡಿಯೇಟರ್, ಅರ್ಧ ವೈರಿಂಗ್ ನಾನೇ ಮಾಡಿದ್ದೇನೆ. ಎಂಜಿನ್ ಹೆಡ್ಡನ್ನೂ ನಾನು, ಮಗ ಸೇರಿ ಇಳಿಸಿ ಏರಿಸಿದ್ದೇವೆ. ಮನೆಯಲ್ಲಿ ಆಗದ್ದು ಒಂದೇ, ತಗಡಿನ ಕೆಲಸ. ಕಾಲಿಡುವ ಕಡೆ ಫ್ಲೋರ್ ತೂತು ಬಿದ್ದಿತ್ತು. ಎರಡೂ ಬದಿ ಬಾಗಿಲ ಕೆಳಗಿನ ಪಟ್ಟಿ ಕೈಯಿಂದ ಒತ್ತಿದರೆ ಬಿಸ್ಕತ್ತಿನ ಹಾಗೆ ಉದುರುತ್ತಿತ್ತು.

ಅಂಬಾಸಿಡರ್‌ಗೆ ಜೀಪಿನ ಹಾಗೆ ಬೇರೆ ಚಾಸಿ, ಅಂದರೆ ಭಾರ ಹೊರುವ ಅಡಿ ಚೌಕಟ್ಟು ಇಲ್ಲ. ಬಾಡಿಯೇ ಚಾಸಿ. ಈ ಪಟ್ಟಿ, ಈ ಫ್ಲೋರೇ ಗಾಡಿಯ ಭಾರ ಹೊರುವುದು. ಮುಂದಿನ ಸಸ್ಪೆನ್ಷನ್ನಿನಲ್ಲಿ ಸ್ಪ್ರಿಂಗಿನ ಕೆಲಸ ಮಾಡುವ ಉದ್ದನೆಯ ಟಾರ್ಶನ್ ಬಾರ್‌ಗಳು ಬಂದು ಕಚ್ಚಿಕೊಳ್ಳುವುದೂ ಫ್ಲೋರಿನ ಅಡಿಯಲ್ಲೇ. ಚಂದ ಕಾಣಲಿ ಅಂತ ಮಾಡಿಸುವ ಕೆಲಸ ಅಲ್ಲ ಇದು.

ಸಪ್ಟೆಂಬರಿನಲ್ಲಿ ಲೋಕಾಪುರ, ಯರಗಟ್ಟಿ ದಾಟಿ ಬೆಳಗಾವಿಗೆ ಸುಮಾರು 140 ಕಿ.ಮೀ. ನಾನೇ ಮೆಲ್ಲಗೆ ಓಡಿಸಿಕೊಂಡು ಹೋದೆ. ಗ್ಯಾರೇಜಿನವ ಗಾಡಿ ಅಡಿಗೆ ಮಲಗಿ ನೋಡಿದ. ಎದ್ದು ಕೈ ಒರೆಸಿಕೊಂಡು, "ಕಾಕಾ, ಇಂಥಾ ಗಾಡಿ ಈಗ ಯಾರ ಹಂತೇಕ ಐತಿ ಹೇಳ್ರಿ? ಬಂಗಾರ ಐತಿ ಇದು. ದಸರಾಕ್ಕ ಬನ್ನಿ ಕೊಡೋ ಹೊತ್ತಿಗೆ ನಿಮ್ಮ ಮನಿ ಮುಂದ ನಿಂತಿರ್ತದ" ಅಂದ. ಕಾಕಾ ಅಂದದ್ದಕ್ಕೇ ನಾನು ಅರ್ಧ ಕರಗಿದ್ದೆ, ಸುಳ್ಳು ಯಾಕೆ ಹೇಳಲಿ.

ಮಾತಾಗಿದ್ದು ಇಷ್ಟು: ಕೊಳೆತ ತಗಡು ಪೂರ್ತಿ ಕತ್ತರಿಸಿ ತೆಗೆಯುವುದು, 18 ಗೇಜ್ ಹೊಸ ತಗಡು ಬಗ್ಗಿಸಿ ಸಿಓಟು (CO2 ಗ್ಯಾಸಿನ) ವೆಲ್ಡಿಂಗ್ ಮಾಡುವುದು, ತುಕ್ಕು ತಡೆಯುವ ರೆಡ್ ಆಕ್ಸೈಡ್, ಅದರ ಮೇಲೆ ಕರಿ ಕೋಟಿಂಗ್. 58,000 ರೂಪಾಯಿ. ಅಂಗಡಿ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನ ಮೇಲೆ ಬರೆದುಕೊಟ್ಟ. ಬಿಲ್ಲು ಕೇಳಿದರೆ "ಬಿಲ್ಲ ಬೇಕಂದ್ರ ಜಿಎಸ್‌ಟಿ ಬೀಳ್ತದ ಕಾಕಾ, ಸುಮ್ನ ಯಾಕ?" ಅಂದ. ನಾನೂ ಸುಮ್ಮನಾದೆ. 20,000 ಫೋನ್‌ಪೇ, ಉಳಿದದ್ದು ಆಮೇಲೆ ಕ್ಯಾಶ್.

ದಸರಾ ಹೋಯಿತು. ದೀಪಾವಳಿ ಪಾಡ್ಯದ ಪೂಜೆಗೂ ಗಾಡಿ ಬರಲಿಲ್ಲ. ಇದೆಲ್ಲ ನಿಮಗೆ ಗೊತ್ತಿದ್ದದ್ದೇ, ಯಾವ ಗ್ಯಾರೇಜ್ ಹೇಳಿದ ದಿನಕ್ಕೆ ಕೊಟ್ಟಿದೆ ಹೇಳಿ? ನಡುವೆ ಒಂದು ಸಲ ಹೋಗುತ್ತೇನೆ ಅಂದೆ. "ಪೇಂಟ್ ಒಣಗಾಕ ಇಟ್ಟೀವಿ, ಧೂಳ ಆಗ್ತದ, ನಾ ಫೋಟೋ ಕಳಸ್ತೀನಿ" ಅಂದ. ವಾಟ್ಸಪ್ಪಿನಲ್ಲಿ ಆರು ಫೋಟೋ ಬಂದವು. ಕೊಳೆತ ಫ್ಲೋರ್ ಕತ್ತರಿಸಿ ತೆಗೆದದ್ದು, ಹೊಸ ತಗಡು ಕೂರಿಸಿದ್ದು, ವೆಲ್ಡಿಂಗ್ ಗೆರೆ ಸಾಲಾಗಿ ಚಂದ ಕಾಣುತ್ತಿತ್ತು. ಅಪ್ಪನಿಗೂ ತೋರಿಸಿದೆ. ಅವರಿಗೆ 81, ಕಣ್ಣು ಮಂಜು. "ಚಲೋ ಮಾಡ್ಯಾನ" ಅಂದರು. ನಾನು ಆ ಫೋಟೋಗಳಿಗೆ ಹೆಬ್ಬೆಟ್ಟು ಒತ್ತಿದೆ. ವಾಟ್ಸಪ್ಪಿನ ಹೆಬ್ಬೆಟ್ಟು. ಈಗ ನೋಡಿದರೆ ನಾನು ಎರಡೂ ಅರ್ಥದಲ್ಲಿ ಹೆಬ್ಬೆಟ್ಟೇ.

ನವೆಂಬರಿನಲ್ಲಿ ಗಾಡಿ ಬಂತು. ಹೊಳೆಯುತ್ತಿತ್ತು. ಅಡಿಯೆಲ್ಲ ಕರಿ ಕೋಟಿಂಗ್, ದಪ್ಪಗೆ, ಬೇರೆ ಏನೂ ಕಾಣದ ಹಾಗೆ. ಅದು ಯಾಕಷ್ಟು ದಪ್ಪ ಅಂತ ಆವತ್ತು ಕೇಳಬೇಕಿತ್ತು. ಕೇಳಲಿಲ್ಲ. ಬಾಕಿ 38,000 ಎಣಿಸಿ ಕೊಟ್ಟೆ. ಮೇಲೆ ಹುಡುಗರಿಗೆ ಚಹಾಕ್ಕೆ ಅಂತ 500 ಬೇರೆ!

ಡಿಸೆಂಬರಿನ ಒಂದು ರವಿವಾರ. ಮುಂದಿನ ಗಾಲಿಗೆ ಗ್ರೀಸ್ ಹೊಡೆಯಬೇಕಿತ್ತು. ಎಡಗಡೆ ಬಾಗಿಲ ಕೆಳಗೆ ಜಾಕ್ ಇಟ್ಟು ತಿರುವಿದೆ. ತಿರುವಿದೆ, ತಿರುವಿದೆ, ಜಾಕ್ ಏರುತ್ತಿದೆ, ಗಾಡಿ ಏರುತ್ತಿಲ್ಲ. ನೆಲ ಕುಸಿಯುತ್ತಿದೆಯೇನೋ ಅಂತ ಬಗ್ಗಿ ನೋಡಿದೆ. ಅಷ್ಟರಲ್ಲಿ ಹಪ್ಪಳ ಮುರಿದ ಹಾಗೆ ಒಂದು ಸದ್ದು. ಜಾಕಿನ ತಲೆ ಪಟ್ಟಿಯ ಒಳಗೆ ಹೋಗಿತ್ತು. ಕೈಯಗಲ ಗುಲಾಬಿ ಬಣ್ಣದ ಒಂದು ಚೂರು ಕೆಳಗೆ ಬಿದ್ದಿತ್ತು. ತಗಡು ಗುಲಾಬಿ ಇರುತ್ತದಾ? ಪುಟ್ಟಿ! ತಗ್ಗು ತುಂಬಿ ನುಣುಪು ಮಾಡೋಕೆ ಪೇಂಟಿನ ಮುಂಚೆ ತೆಳ್ಳಗೆ ಹಚ್ಚುವ ಪೇಸ್ಟು. ಬರೀ ಪುಟ್ಟಿ, ಅರ್ಧ ಇಂಚು ದಪ್ಪ.

ಮಗ ಗ್ರೀಸ್ ಗನ್ ಹಿಡಿದು ಅಡಿಗೆ ಹೋಗೋಕೆ ಆಗಲೇ ಮಂಡಿ ಊರಿದ್ದ. ಇದನ್ನು ಬರೆಯುವಾಗಲೂ ಕೈ ನಡುಗುತ್ತದೆ. ಗಾಡಿ ಪೂರ್ತಿ ಏರಿ ನಿಂತು, ಆತ ಅಡಿಗೆ ಹೋದ ಮೇಲೆ ಕುಸಿದಿದ್ದರೆ? ಒಂದು ಟನ್ನಿಗೂ ಜಾಸ್ತಿ ಭಾರ ಅದು.

ಸ್ಕ್ರೂ ಡ್ರೈವರ್ ತಂದು ಆ ತೂತಿನಲ್ಲಿ ಆಡಿಸಿದೆ. ಮೆತ್ತಗೆ ಏನೋ ಸಿಕ್ಕಿತು. ಎಳೆದೆ. ಪೇಪರ್. ನ್ಯೂಸ್‌ ಪೇಪರ್. ಉಂಡೆ ಕಟ್ಟಿ ಕಟ್ಟಿ ತುರುಕಿದ್ದಾರೆ, ಒಂದಾದ ಮೇಲೊಂದು ಬರುತ್ತಲೇ ಇದೆ. ಮಗ ಒಂದು ಉಂಡೆ ಬಿಡಿಸಿದ. ಬೈಕ್ ಶೋರೂಮಿನ ದಸರಾ ಆಫರ್ ಜಾಹೀರಾತು, ಮೇಲೆ ತಾರೀಖು. ಈ ಸಲದ ನವರಾತ್ರಿಯ ನಾಲ್ಕನೇ ದಿನದ್ದು. ಆ ದಿನ ನನ್ನ ಗಾಡಿ ಅವನ ಗ್ಯಾರೇಜಿನಲ್ಲಿತ್ತು.

ಸೋಮವಾರ ಲ್ಯಾಬಿನಿಂದ ಮ್ಯಾಗ್ನೆಟ್ ತಂದೆ. ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ಮ್ಯಾಗ್ನೆಟ್ ಪಾಠ ಹೇಳುತ್ತಿದ್ದೇನೆ. ಗಾಡಿ ಬಿಡಿಸಿಕೊಳ್ಳುವ ದಿನ ಒಂದನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಬೇಕು ಅಂತ ಹೊಳೆಯಲಿಲ್ಲ. ಎಡಪಟ್ಟಿಯಲ್ಲಿ ಮೂರು ಅಡಿ ಉದ್ದಕ್ಕೆ ಮ್ಯಾಗ್ನೆಟ್ ಹಿಡಿಯಲೇ ಇಲ್ಲ, ಟಪ್ಪಂತ ಬಿತ್ತು. ಬಲಗಡೆ ಎರಡು ಅಡಿ. ಫ್ಲೋರಿನಲ್ಲಿ ತೂತಿನ ಮೇಲೆ ತೆಳು ತಗಡಿನ ತೇಪೆ, ಅದೂ ಹಳೇ ತುಕ್ಕಿನ ಮೇಲೇ ನಾಲ್ಕು ಕಡೆ ಟಾಕಾ ಹಾಕಿದ್ದು. ತುಕ್ಕಿನ ಮೇಲೆ ವೆಲ್ಡಿಂಗ್ ನಿಲ್ಲುವುದಿಲ್ಲ ಅಂತ ಗೇಟು ಮಾಡುವ ಹುಡುಗನಿಗೂ ಗೊತ್ತು. ಮೇಲೆ ಕರಿ ಕೋಟಿಂಗ್, ಮುಗಿಯಿತು. ಪುಟ್ಟಿ, ಪೇಪರ್ ಎರಡೂ ನೀರು ಹೀರುತ್ತವೆ. ಉಳಿದಿದ್ದ ಒಳ್ಳೇ ತಗಡೂ ಒಂದು ಮಳೆಗಾಲ ಕಳೆದಿದ್ದರೆ ಹೋಗುತ್ತಿತ್ತು.

ಹಾಗಾದರೆ ಆ ಫೋಟೋ? ರಾತ್ರಿ ಊಟ ಸೇರಲಿಲ್ಲ, ಆ ಆರು ಫೋಟೋಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ನಾಲ್ಕನೆಯದರಲ್ಲಿ ಸಿಕ್ಕಿತು. ಫ್ಲೋರಿನ ನಡುವೆ ಗೇರ್ ಲಿವರ್ ಬರುವ ದುಂಡನೆಯ ತೂತು, ಸುತ್ತ ರಬ್ಬರ್ ಬೂಟಿನ ಸ್ಕ್ರೂ ಗುರುತು. ನನ್ನ ಗಾಡಿಯ ಗೇರ್ ಸ್ಟಿಯರಿಂಗ್ ಪಕ್ಕ! ಅದು 1992ರಲ್ಲಿ ಬಂದ ಇಸುಜು ಎಂಜಿನ್ನಿನ, ಐದು ಗೇರಿನ ಅಂಬಾಸಿಡರ್ ಇರಬೇಕು. ಬೇರೆ ಯಾರದೋ ಗಾಡಿ. ಚಿಕ್ಕಂದಿನಿಂದ ಈ ಗಾಡಿಯಲ್ಲೇ ಓಡಾಡಿದವನು ನಾನು, ಇದರಲ್ಲೇ ಡ್ರೈವಿಂಗ್ ಕಲಿತವನು. ಬೇರೆ ಗಾಡಿಯ ಫೋಟೋಗೆ ಹೆಬ್ಬೆಟ್ಟು ಒತ್ತಿ ಅಪ್ಪನಿಗೂ ತೋರಿಸಿದ್ದೇನೆ. ರೊಕ್ಕ ಹೋದದ್ದಕ್ಕಿಂತ ಇದು ಜಾಸ್ತಿ ಉರಿಯುತ್ತದೆ.

ಮರುದಿನ ಫೋನ್ ಮಾಡಿದೆ. ಅವನ ಉತ್ತರಗಳನ್ನು ಇದ್ದ ಹಾಗೇ ಕೊಡುತ್ತೇನೆ, ನೀವೇ ನೋಡಿ.

ಮೊದಲು, "ಕಾಕಾ, ನೀವು ಜಾಕ್ ತಪ್ಪ ಜಾಗಾದಾಗ ಇಟ್ಟೀರಿ."

ಸರಿ, ಪುಟ್ಟಿ ಯಾಕಿದೆ? "ಫಿನಿಶಿಂಗಿಗೆ ಎಲ್ಲಾರೂ ಹಚ್ಚತಾರ್ರಿ." ಅರ್ಧ ಇಂಚು ಫಿನಿಶಿಂಗ್!

ಪೇಪರ್? "ಅದು ಮೊದಲ ಇತ್ತರಿ, ಹಳೇ ಕೆಲಸ." ತಾರೀಖು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ, "ಪೇಂಟ್ ಹೊಡಿಬೇಕಾದ್ರ ಹುಡುಗುರು ಮಾಸ್ಕಿಂಗಿಗೆ ಪೇಪರ್ ಹಚ್ಚತಾರ, ಒಳಗ ಜಾರಿರಬೇಕು." ಜಾರಿದೆಯಂತೆ. ಉಂಡೆ ಕಟ್ಟಿಕೊಂಡು ಜಾರಿದೆ!

ಫೋಟೋ? "ಎಲ್ಲಾ ಅಂಬಾಸಿಡರ್ ಒಂದ ನಮೂನಿ ಇರ್ತಾವ ಬಿಡ್ರಿ." ಗೇರಿನ ತೂತು ತೋರಿಸಿ ಅದೇ ಫೋಟೋವನ್ನು ಗೆರೆ ಎಳೆದು ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಆ ವಾರವೇ ಬಸ್ಸು ಹತ್ತಿ ಹೋದೆ, ಪೇಪರ್ ಉಂಡೆ, ಪುಟ್ಟಿ ಚೂರು ಚೀಲದಲ್ಲಿ ಹಾಕಿಕೊಂಡು. ಆವತ್ತು ಕಾಕಾ ಇಲ್ಲ, ಸರ್ ಆಗಿದ್ದೆ. "ನೋಡ್ರಿ ಸರ್, ಅಷ್ಟು ರೊಕ್ಕದಾಗ ಅಷ್ಟ ಆಗ್ತದ. ಪೂರಾ ಕತ್ತರಿಸಿ ಮಾಡಬೇಕಂದ್ರ ಲಕ್ಷ ಬೇಕು." ಹಾಗಾದರೆ ಕ್ಯಾಲೆಂಡರ್ ಹಾಳೆಯ ಮೇಲೆ ಏನು ಬರೆದುಕೊಟ್ಟಿದ್ದೆ ಅಂದರೆ, "ಅದು ಅಂದಾಜ." ಗಿರಾಕಿಗಳ ಎದುರು ದನಿ ಏರಿಸಿದೆ. ಆಗ ಒಳಗೆ ಕರೆದು 5,000 ಮುಂದೆ ಹಿಡಿದ. "ಇದನ್ನ ತೊಗೊಂಡು ಮುಗಿಸಿಬಿಡ್ರಿ, ಇಲ್ಲಾ ಗಾಡಿ ಇನ್ನೊಮ್ಮೆ ತರ್ರಿ, ಫ್ರೀ ಮಾಡಿಕೊಡ್ತೀನಿ." ಇನ್ನೊಮ್ಮೆ ಅವನ ಕೈಗೆ ಗಾಡಿ ಕೊಡಬೇಕಂತೆ. ರೊಕ್ಕ ಮುಟ್ಟಲಿಲ್ಲ. ಕೆಲಸದ ಹುಡುಗರಲ್ಲಿ ಒಬ್ಬ ನನ್ನ ಮುಖ ನೋಡದೆ ನೆಲ ನೋಡುತ್ತಿದ್ದ. ಅವನಿಗೇ ನಾನು ಚಹಾದ ರೊಕ್ಕ ಕೊಟ್ಟಿದ್ದು.

ತಗಡಿನ ಕೆಲಸ ಕೊಡುವವರಿಗೆ ನಾನು ಹೇಳುವುದು ಇಷ್ಟೇ. ಹತ್ತಿರದ ಊರಲ್ಲೇ ಕೊಡಿ, ವಾರಕ್ಕೊಮ್ಮೆ ಹೇಳದೆ ಹೋಗಿ. ಕತ್ತರಿಸಿದ ಹಳೇ ತಗಡು ವಾಪಸ್ ಬೇಕು ಅಂತ ಮೊದಲೇ ಹೇಳಿ. ಕತ್ತರಿಸಿದ್ದರೆ ತಾನೇ ಕೊಡುವುದು. ವೆಲ್ಡಿಂಗ್ ಗೆರೆ ಕಣ್ಣಾರೆ ನೋಡುವ ತನಕ ಕೋಟಿಂಗ್ ಹೊಡೆಯಬೇಡ ಅನ್ನಿ. ಫೋಟೋ ಬೇಡ. ಫೋಟೋ ಕಳಿಸಿದರೆ ಅದರಲ್ಲಿ ನಿಮ್ಮ ನಂಬರ್ ಪ್ಲೇಟ್ ಇರಲಿ. ಬಾಕಿ ಎಣಿಸುವ ಮುಂಚೆ ಸ್ಪೀಕರ್ ಒಡೆದಾದರೂ ಒಂದು ಮ್ಯಾಗ್ನೆಟ್ ತೊಗೊಂಡು ಹೋಗಿ. ಜಿಎಸ್‌ಟಿ ಉಳಿಯುತ್ತದೆ ಅಂತ ಬಿಲ್ಲು ಬಿಡಬೇಡಿ, ನಾನು ಉಳಿಸಿದ್ದು ಏನು ಅಂತ ಈಗ ಗೊತ್ತಾಯಿತಲ್ಲ. ಮತ್ತೆ ಕಾಕಾ ಅಂದ ಕೂಡಲೇ ಕರಗಬೇಡಿ.

ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. 2019ರ ಕಾಯ್ದೆ ಬಂದ ಮೇಲೆ ಬೆಳಗಾವಿಗೆ ಅಲೆಯಬೇಕಿಲ್ಲ, ನಾವಿರುವ ಜಿಲ್ಲೆಯಲ್ಲೇ ಹಾಕಬಹುದು. ಎರಡು ವರ್ಷದ ಒಳಗೆ ಹಾಕಬೇಕು, 5 ಲಕ್ಷದ ತನಕದ ವ್ಯವಹಾರಕ್ಕೆ ಫೀ ಇಲ್ಲ. ನನ್ನ ಕೈಯಲ್ಲಿರುವುದು ಒಂದು ಕ್ಯಾಲೆಂಡರ್ ಹಾಳೆ, ಫೋನ್‌ಪೇ ರಸೀದಿ, ಆರು ಫೋಟೋ, ಒಂದು ದಸರಾ ಜಾಹೀರಾತು. ಕ್ಯಾಶ್ ಕೊಟ್ಟ 38,000ಕ್ಕೆ ಸಾಕ್ಷಿ ನನ್ನ ಹೆಂಡತಿ ಮಾತ್ರ. ಅವಳು ಆವತ್ತೇ "ಬಿಲ್ಲ ಇಲ್ದ ಯಾಕ ಕೊಡ್ತೀರಿ?" ಅಂದಿದ್ದಳು. ದಿನಕ್ಕೆರಡು ಸಲ ಅದನ್ನು ನೆನಪಿಸುತ್ತಾಳೆ.

ಗಾಡಿ ಈಗ ನವನಗರದ ಮನೆಯ ಅಂಗಳದಲ್ಲಿ ನಾಲ್ಕು ಮರದ ದಿಮ್ಮಿ ಮೇಲಿದೆ. ಇಲ್ಲೇ ಟ್ರ್ಯಾಕ್ಟರ್ ಟ್ರೇಲರ್ ಮಾಡುವ ವೆಲ್ಡರ್ ಒಬ್ಬರು ದಿನಗೂಲಿಗೆ ಬಂದು ನನ್ನ ಕಣ್ಣೆದುರೇ ಕತ್ತರಿಸುತ್ತಿದ್ದಾರೆ. ಎರಡೂ ಬದಿಯಿಂದ ಕೆತ್ತಿ ತೆಗೆದ ಪುಟ್ಟಿಯನ್ನು ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿಸಿದೆ. ಆರೂವರೆ ಕಿಲೋ. ಅಪ್ಪನಿಗೆ ಇನ್ನೂ ಹೇಳಿಲ್ಲ, ಬ್ರೇಕ್ ಕೆಲಸ ನಡೆದಿದೆ ಅಂದಿದ್ದೇನೆ.

ಸಂಕ್ರಾಂತಿ ದಿನ ಬೆಳಿಗ್ಗೆ ಅವನ ನಂಬರಿನಿಂದ ಮೆಸೇಜ್ ಬಂತು. ರೊಕ್ಕ ವಾಪಸ್ ಕೊಡುತ್ತಾನೇನೋ ಅಂತ ಗಡಬಡಿಸಿ ತೆಗೆದೆ. ಎಲ್ಲರಿಗೂ ಕಳಿಸಿದ ಶುಭಾಶಯ. ಕುಸುರೆಳ್ಳಿನ ಚಿತ್ರ, ಕೆಳಗೆ "ಎಳ್ಳು ಬೆಲ್ಲ ತೊಗೊಂಡು ಎಳ್ಳು ಬೆಲ್ಲದಂಗ ಇರೋಣ". ಅದರ ಕೆಳಗೆ ಗ್ಯಾರೇಜಿನ ಹೆಸರು, ಈ ತಿಂಗಳು ಟಿಂಕರಿಂಗ್ ಮೇಲೆ ಹತ್ತು ಪರ್ಸೆಂಟ್ ರಿಯಾಯಿತಿ.