ದೊಡ್ಡವ್ವನ ಪದಕ್ಕೆ ಯಾವ ಮೈಕು? ಟ್ಯಾಬಿಗೆ ಮೂರು ಥರ ಸಿಕ್ಕಿಸಿ ನೋಡಿದ್ದು

ಪಾಂಡವಪುರದ ಹತ್ತಿರದ ನಮ್ಮೂರಲ್ಲಿ ದೊಡ್ಡವ್ವ ಇದ್ದಾಳೆ. ಎಂಬತ್ತರ ಹತ್ತಿರ ವಯಸ್ಸು. ಸೋಬಾನೆ ಪದ, ರಾಗಿ ಬೀಸೋ ಪದ, ಮದುವೆ ಮನೇಲಿ ಬೀಗರನ್ನು ಹಂಗಿಸೋ ಪದ, ಅವಳ ಬಾಯಲ್ಲಿ ಎಷ್ಟಿವೆಯೋ ಲೆಕ್ಕ ಇಟ್ಟವರಿಲ್ಲ. ಹೋದ ವರ್ಷ ಹಬ್ಬಕ್ಕೆ ಹೋದಾಗ ಟ್ಯಾಬನ್ನು ಚಾಪೆ ಮೇಲಿಟ್ಟು ಒಂದು ಪದ ರೆಕಾರ್ಡ್ ಮಾಡಿಕೊಂಡೆ. ಮೈಸೂರಿಗೆ ಬಂದು ಕೇಳಿದರೆ ಫ್ಯಾನು ಸೊಗಸಾಗಿ ಹಾಡಿದೆ, ಹುಂಜ ಅದಕ್ಕಿಂತ ಚೆನ್ನಾಗಿ ಹಾಡಿದೆ, ದೊಡ್ಡವ್ವ ಮಾತ್ರ ಬಾವಿಯೊಳಗಿಂದ ಕೂಗಿದ ಹಾಗಿದೆ.

ಟ್ಯಾಬಿನ ಒಳಗಿನ ಮೈಕು ಕೆಟ್ಟದ್ದೇನಲ್ಲ. ಅದು ದೂರ ಇತ್ತು, ಅಷ್ಟೇ. ಬಾಯಿಗೂ ಮೈಕಿಗೂ ನಡುವಿನ ದೂರ ಎರಡು ಪಟ್ಟಾದರೆ ದನಿ ಸುಮಾರು 6 ಡೆಸಿಬಲ್ (ಸದ್ದಿನ ಅಳತೆ) ಇಳಿಯುತ್ತದೆ. ಫ್ಯಾನಿನ ಸದ್ದು ಮನೆಯೆಲ್ಲ ತುಂಬಿಕೊಂಡಿರುವುದರಿಂದ ಅದು ಇದ್ದಷ್ಟೇ ಇರುತ್ತದೆ. ಹಾಗಾಗಿ ಹೊರಗಿನ ಮೈಕು ತಗೋಬೇಕು ಅಂತ ತೀರ್ಮಾನಿಸಿದೆ. ಆಮೇಲಿನ ಆರು ತಿಂಗಳು ಪ್ರತಿ ಸಲ ಊರಿಗೆ ಹೋಗುವಾಗಲೂ ಬ್ಯಾಗಲ್ಲಿ ಒಂದೊಂದು ಹೊಸ ವೈರು.

ನನ್ನದು ಒಂಬತ್ತನೇ ತಲೆಮಾರಿನ ಐಪ್ಯಾಡ್, 2021ರದ್ದು. ಕೆಳಗೆ ಲೈಟ್ನಿಂಗ್ ತೂತು (ಆಪಲ್‌ನ ಹಳೇ ಚಾರ್ಜಿಂಗ್ ತೂತು), ಮೇಲೆ ಹೆಡ್‌ಫೋನ್ ತೂತು. ಹೆಡ್‌ಫೋನ್ ತೂತು ಇರುವ ಕೊನೇ ಐಪ್ಯಾಡ್ ಇದೇ. 2022ರ ಹತ್ತನೇ ತಲೆಮಾರಿನಲ್ಲಿ ಟೈಪ್-ಸಿ ಬಂತು, ಆ ಗುಂಡು ತೂತು ಹೋಯಿತು. ಅಕ್ಕನ ಮಗಳ ಹತ್ತಿರ ಟೈಪ್-ಸಿ ಇರುವ ಆಂಡ್ರಾಯ್ಡ್ ಟ್ಯಾಬ್ ಇತ್ತು, ಅದನ್ನೂ ಇಸ್ಕೊಂಡೆ.

ಮೊದಲು ತಂದದ್ದು ಕಾಲರ್ ಮೈಕು, ಬೋಯಾ ಬಿವೈ-ಎಂ1. ಸಾವಿರ ರೂಪಾಯಿಯೊಳಗೆ ಸಿಕ್ಕಿತು. ಆರು ಮೀಟರ್ ವೈರು, ತುದಿಯಲ್ಲಿ ಅವರೆಕಾಳಿನಷ್ಟು ಮೈಕು. ಇದನ್ನು ಕೊಳ್ಳುವಾಗ ಪಿನ್ನಿನ ಮೇಲಿನ ಕಪ್ಪು ಗೆರೆ ಎಣಿಸಬೇಕು. ಮೂರು ಗೆರೆ ಇದ್ದರೆ ಫೋನಿಗೆ, ಟ್ಯಾಬಿಗೆ ಆಗುತ್ತದೆ. ಎರಡೇ ಗೆರೆ ಇದ್ದರೆ ಕ್ಯಾಮೆರಾಕ್ಕೆ. ಎರಡು ಗೆರೆಯದ್ದೂ ತೂತಿನೊಳಗೆ ಸಲೀಸಾಗಿ ಹೋಗುತ್ತದೆ, ಕಟ್ ಅಂತ ಕೂರುತ್ತದೆ, ರೆಕಾರ್ಡೂ ಆಗುತ್ತದೆ. ಆದರೆ ಆಗುವುದು ಟ್ಯಾಬಿನ ಒಳಮೈಕಿನಿಂದ! ಬೋಯಾದ ವೈರಿನ ನಡುವೆ ಒಂದು ಚಿಕ್ಕ ಡಬ್ಬಿ, ಅದರಲ್ಲಿ ಗುಂಡಿ. ಕ್ಯಾಮೆರಾದ ಕಡೆ ತಳ್ಳಿದರೆ ಒಳಗಿನ ಎಲ್‌ಆರ್44 ಬಟನ್ ಸೆಲ್ ಬೇಕು, ಫೋನಿನ ಕಡೆ ತಳ್ಳಿದರೆ ಟ್ಯಾಬೇ ಕರೆಂಟು ಕೊಡುತ್ತದೆ.

ದೊಡ್ಡವ್ವನ ಸೆರಗಿಗೆ ಕ್ಲಿಪ್ಪು ಹಾಕಿದೆ. ಬಗ್ಗಿ ನೋಡಿ, "ಏನ್ಲಾ ಮಗ ಇದು, ಜಿರ್ಲೆ ತಂದು ಸೀರೆಗೆ ಸಿಕ್ಕುಸ್ದೆ?" ಅಂದಳು. ಎರಡು ನಿಮಿಷಕ್ಕೆ ಅದಿದೆ ಅನ್ನೋದನ್ನೇ ಮರೆತು ಅವರೆಕಾಯಿ ಬಿಡಿಸುತ್ತಾ ಹಾಡತೊಡಗಿದಳು. ದನಿ ಹತ್ತಿರ, ಬೆಚ್ಚಗೆ, ಉಸಿರು ಎಳೆದುಕೊಳ್ಳುವುದೂ ಕೇಳುವ ಹಾಗೆ. ನನಗೆ ಖುಷಿಯೋ ಖುಷಿ.

ಮೂರನೇ ಪದದಲ್ಲಿ ಇದ್ದಕ್ಕಿದ್ದ ಹಾಗೆ ಟ್ರ್ ಟಕ್ ಟಕ್, ಟ್ರ್ ಟಕ್ ಟಕ್. ದೊಡ್ಡಪ್ಪನ ಕೀಪ್ಯಾಡ್ ಫೋನು ವೈರಿನ ಪಕ್ಕದಲ್ಲೇ ಕೂತಿತ್ತು. 2ಜಿ ಫೋನು ಟವರಿನ ಜೊತೆ ಮಾತಾಡುವಾಗ ಬಿಟ್ಟು ಬಿಟ್ಟು ಸಿಗ್ನಲ್ ಕಳಿಸುತ್ತದೆ. ಆರು ಮೀಟರ್ ಸಣ್ಣ ವೈರು ಅದಕ್ಕೆ ಏರಿಯಲ್ ಇದ್ದ ಹಾಗೆ, ಎಲ್ಲ ಹಿಡಿದುಕೊಳ್ಳುತ್ತದೆ. ಆ ಪದ ಪೂರ್ತಿ ಹಾಳು. ಹಾಡುವಾಗಲೇ ನನಗೆ ಗೊತ್ತಾಗಲೂ ಇಲ್ಲ, ಯಾಕೆಂದರೆ ಇದ್ದ ಒಂದು ತೂತನ್ನು ಮೈಕು ತುಂಬಿಕೊಂಡಿತ್ತು, ಹೆಡ್‌ಫೋನಿಗೆ ಜಾಗವಿಲ್ಲ. ಮೈಕಿಗೊಂದು ಹೆಡ್‌ಫೋನಿಗೊಂದು ಕವಲು ಒಡೆಯುವ ಪುಟ್ಟ ಅಡಾಪ್ಟರ್ ಸಿಗುತ್ತದೆ, ಅದನ್ನು ಆಮೇಲೆ ತಂದೆ. ಇನ್ನು ಬಳೆ ಸದ್ದು, ಸೆರಗು ಉಜ್ಜುವ ಸರಸರ ಬೇರೆ. ಕ್ಲಿಪ್ಪನ್ನು ಒಂದು ಗೇಣು ಕೆಳಗಿಳಿಸಿ, ಸೆರಗನ್ನು ಇನ್ನೊಂದು ಹೆಗಲಿಗೆ ಹಾಕಿಸಿದ ಮೇಲೆ ಅದು ಕಮ್ಮಿಯಾಯಿತು.

ಎರಡನೆಯದು ಯುಎಸ್‌ಬಿ ಮೈಕು. ಗೆಳೆಯನೊಬ್ಬ ಸ್ಯಾಮ್ಸನ್ ಕ್ಯೂ2ಯು ಕೊಟ್ಟಿದ್ದ. ನೋಡಲು ಆರ್ಕೆಸ್ಟ್ರಾದ ಕೈಮೈಕಿನ ಹಾಗೆ. ಯುಎಸ್‌ಬಿ ವೈರೂ ಹಾಕಬಹುದು, ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ವೈರೂ ಹಾಕಬಹುದು. ಡೈನಮಿಕ್ ಮೈಕು ಆದ್ದರಿಂದ ಹತ್ತಿರದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತದೆ, ದೂರದ ಹುಂಜವನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಮೈಕಿನ ಬುಡದಲ್ಲೇ ಹೆಡ್‌ಫೋನ್ ತೂತು ಇದೆ. ಹಾಡುತ್ತಿದ್ದ ಹಾಗೇ, ಒಂದಿಷ್ಟೂ ತಡವಿಲ್ಲದೆ ಕಿವಿಗೆ ಬೀಳುತ್ತದೆ. ಐಪ್ಯಾಡಿಗೆ ಹಾಕಲು ಲೈಟ್ನಿಂಗ್‌ನಿಂದ ಯುಎಸ್‌ಬಿಗೆ ಬದಲಿಸುವ ಕ್ಯಾಮೆರಾ ಅಡಾಪ್ಟರ್ ಬೇಕು. ಹೆಸರು ಕ್ಯಾಮೆರಾದ್ದಾದರೂ ಮೈಕಿಗೂ ಅದೇ. ಟೈಪ್-ಸಿ ಟ್ಯಾಬಿಗಾದರೆ ಬರೀ ವೈರು ಸಾಕು.

ತಾಂತ್ರಿಕವಾಗಿ ನೋಡಿದರೆ ಊರಿಗೆ ಇದೇ ಸರಿಯಾದ ಮೈಕು ಅನ್ನಬೇಕು. ಆದರೆ ಡೈನಮಿಕ್ ಅಂದಮೇಲೆ ಬಾಯಿಂದ ನಾಲ್ಕು ಬೆರಳು ದೂರದಲ್ಲಿ ಹಿಡಿಯಲೇಬೇಕು. ಹಿಡಿದೆ. ದೊಡ್ಡವ್ವ ಹಾಡೋದು ಬಿಟ್ಟು, "ಅದ್ಯಾಕ್ಲಾ ಬಾಯಿಗೆ ತುರುಕ್ತೀಯ, ನಾನೇನು ಎಲೆಕ್ಸನ್‌ಗೆ ನಿಂತಿದ್ದೀನಾ?" ಅಂತ ನಕ್ಕಳು. ಆಮೇಲೆ ಹಾಡಿದ್ದೆಲ್ಲ ಸಭೆಯಲ್ಲಿ ಹಾಡಿದ ಹಾಗೆ, ದನಿ ಬಿಗಿಹಿಡಿದು. ಸ್ಟ್ಯಾಂಡಿಗೆ ಹಾಕಿಟ್ಟರೆ ಅವಳು ಒಂದು ಕಡೆ ಕೂರುವವಳಲ್ಲ. ಮಾತಿನ ನಡುವೆ ಒಲೆ ಕಡೆ ತಿರುಗಿದಳೆಂದರೆ ಅರ್ಧ ಸಾಲು ಮಾಯ.

ಮೂರನೆಯದು ಆಡಿಯೋ ಇಂಟರ್‌ಫೇಸ್, ಅಂದರೆ ದೊಡ್ಡ ಮೈಕಿನ ದನಿಯನ್ನು ಯುಎಸ್‌ಬಿಗೆ ಬದಲಿಸಿ ಟ್ಯಾಬಿಗೆ ಕೊಡುವ ಪೆಟ್ಟಿಗೆ. ಫೋಕಸ್‌ರೈಟ್‌ನ ಸ್ಕಾರ್ಲೆಟ್ ಸೋಲೋ, ಮೂರನೇ ತಲೆಮಾರಿನದು, ಕೆಂಪು ಪೆಟ್ಟಿಗೆ. ಜೊತೆಗೆ ಒಂದು ಕಂಡೆನ್ಸರ್ ಮೈಕು, ಸಣ್ಣ ಸದ್ದನ್ನೂ ಹಿಡಿಯುವಂಥದ್ದು. ಹೆಚ್ಚು ದಿನ ತಿಂದದ್ದು ಇದೇ, ಹೆಚ್ಚು ಕಲಿಸಿದ್ದೂ ಇದೇ. ಟ್ಯಾಬಿಗೆ ಯಾವುದನ್ನೇ ಸಿಕ್ಕಿಸುವಾಗಲೂ ಮೈಕು ಎಷ್ಟು ಒಳ್ಳೆಯದು ಅಂತ ಕೇಳುವುದಕ್ಕೆ ಮುಂಚೆ ಅದರ ಹೊಟ್ಟೆ ತುಂಬಿಸುವವರು ಯಾರು ಅಂತ ಕೇಳಬೇಕು.

ಕಂಡೆನ್ಸರ್ ಮೈಕಿಗೆ 48 ವೋಲ್ಟಿನ ಫ್ಯಾಂಟಮ್ ಪವರ್, ಅಂದರೆ ಮೈಕಿನ ವೈರಿನಲ್ಲೇ ಹೋಗುವ ಕರೆಂಟು, ಬೇಕು. ಅದನ್ನು ಪೆಟ್ಟಿಗೆ ಕೊಡುತ್ತದೆ. ಪೆಟ್ಟಿಗೆಗೆ ಸ್ವಂತ ಚಾರ್ಜರ್ ಇಲ್ಲ, ಅದು ಟ್ಯಾಬಿನಿಂದ ಎಳೆದುಕೊಳ್ಳಬೇಕು. ಕಂಪ್ಯೂಟರಿನ ಯುಎಸ್‌ಬಿ 2.0 ತೂತು 500 ಮಿಲಿಆಂಪಿಯರ್‌ವರೆಗೆ ಕೊಡುತ್ತದೆ. ಇಂಥ ಪೆಟ್ಟಿಗೆಗಳನ್ನು ಅಷ್ಟೋ ಅದಕ್ಕಿಂತ ಹೆಚ್ಚೋ ಸಿಗುತ್ತದೆ ಅಂದುಕೊಂಡೇ ಮಾಡಿರುತ್ತಾರೆ. ಲೈಟ್ನಿಂಗ್ ತೂತಿನಿಂದ ಅಷ್ಟು ಬರುವುದಿಲ್ಲ. ಮೊದಲ ದಿನ ನಾನು ಒಂದೇ ತೂತಿನ ಅಡಾಪ್ಟರ್ ಹಾಕಿದ್ದೆ. ಈ ಸಾಧನಕ್ಕೆ ಹೆಚ್ಚು ವಿದ್ಯುತ್ ಬೇಕು, ಬಳಸಲಾಗದು ಅಂತ ಪರದೆ ಮೇಲೆ ಬಂತು. ಮೈಕು ಕೆಟ್ಟಿದೆ ಅಂತ ಅದನ್ನು ಬಿಚ್ಚಿ ಊದಿ ಮತ್ತೆ ಹಾಕಿದೆ. ನನ್ನ ದಡ್ಡತನ. ಪಕ್ಕದಲ್ಲಿ ಇನ್ನೊಂದು ಲೈಟ್ನಿಂಗ್ ತೂತು ಇರುವ ಯುಎಸ್‌ಬಿ 3 ಕ್ಯಾಮೆರಾ ಅಡಾಪ್ಟರ್ ತಂದು, ಅದಕ್ಕೆ ಚಾರ್ಜರ್ ಕೊಟ್ಟು, ಆಮೇಲೆ ಪೆಟ್ಟಿಗೆ ಸಿಕ್ಕಿಸಿದಾಗ ದೀಪ ಹತ್ತಿತು. ಮೊದಲು ಕರೆಂಟು, ಆಮೇಲೆ ಪೆಟ್ಟಿಗೆ, ಕೊನೆಗೆ 48 ವೋಲ್ಟಿನ ಗುಂಡಿ. ಈಗ ನಾನು ಇದೇ ಕ್ರಮ ಇಟ್ಟುಕೊಂಡಿದ್ದೇನೆ.

ಡ್ರೈವರ್ (ಸಾಧನ ಓಡಿಸುವ ಸಾಫ್ಟ್‌ವೇರ್) ಹಾಕುವ ತಲೆನೋವು ಮಾತ್ರ ಇರಲಿಲ್ಲ. 'ಕ್ಲಾಸ್ ಕಂಪ್ಲಯಂಟ್' ಅನ್ನುವ ಸಾಧನವನ್ನು ಐಪ್ಯಾಡ್ ತಾನಾಗಿ ಗುರುತಿಸುತ್ತದೆ. ಆಪಲ್‌ನ ರೆಕಾರ್ಡಿಂಗ್ ಆಪ್ ಗ್ಯಾರೇಜ್‌ಬ್ಯಾಂಡ್ ತೆರೆದರೆ ಸಾಕು.

ಆದರೆ ಚಾರ್ಜರ್ ಹಾಕಿದ ಕೂಡಲೇ ಹೆಡ್‌ಫೋನಿನಲ್ಲಿ ಜೇನುಹುಳದ ಗುಂಯ್. ನಮ್ಮ ಮನೆಗಳ ಕರೆಂಟು 50 ಹರ್ಟ್ಸ್‌ನದು, ಎರಡು ಕಡ್ಡಿಯ ಚಾರ್ಜರಿಗೆ ಅರ್ಥ್ ವೈರು ಇಲ್ಲ. ಚಾರ್ಜಿಗೆ ಹಾಕಿದ ಟ್ಯಾಬಿನ ಬೆನ್ನು ಸವರಿದರೆ ಬೆರಳಿಗೆ ಜುಮ್ ಅನ್ನುತ್ತದಲ್ಲ, ಅಲ್ಲಿ ಸೋರುವ ಕರೆಂಟೇ ಇಲ್ಲಿ ಗುಂಯ್‌ಗುಟ್ಟುತ್ತದೆ. ವೈರು ಬದಲಿಸಿದೆ, ಸಾಕೆಟ್ ಬದಲಿಸಿದೆ. ಆಗ ಕರೆಂಟೇ ಹೋಯಿತು. ಊರಲ್ಲಿ ಇದೇನು ವಿಶೇಷ ಅಲ್ಲ. ಬೇರೆ ದಾರಿಯಿಲ್ಲದೆ ಚಾರ್ಜರಿನ ಜಾಗಕ್ಕೆ ಪವರ್ ಬ್ಯಾಂಕ್ ಹಾಕಿದೆ. ಪೆಟ್ಟಿಗೆ ಎದ್ದಿತು, ಗುಂಯ್ ಇಲ್ಲ! ಗೋಡೆಯ ಕರೆಂಟಿನ ಸಂಬಂಧವೇ ಕಡಿದುಹೋಗಿತ್ತು. ಫ್ಯಾನೂ ನಿಂತಿತ್ತು. ಆವತ್ತು ಸಂಜೆ ಸಿಕ್ಕಿದ ನಿಶ್ಶಬ್ದ ಆಮೇಲೆ ಸಿಕ್ಕಿಲ್ಲ.

ಅದೇ ಉತ್ಸಾಹದಲ್ಲಿ ಎರಡು ಪದ ಹಿಡಿದು ಬೆಂಗಳೂರಿನ ತಂಗಿಗೆ ಕಳಿಸಿದೆ. "ಅಣ್ಣ, ದೊಡ್ಡವ್ವ ಒಂದೇ ಕಿವೀಲಿ ಹಾಡ್ತಾ ಇದ್ದಾಳೆ" ಅಂತ ಉತ್ತರ ಬಂತು. ಪೆಟ್ಟಿಗೆಗೆ ಎರಡು ದಾರಿ, ಒಂದು ಮೈಕಿಗೆ, ಇನ್ನೊಂದು ಗಿಟಾರಿಗೆ. ನಾನು ಆರಿಸಿದ್ದ ಆಪ್ ಮೊದಲನೆಯದನ್ನು ಎಡಕ್ಕೆ, ಎರಡನೆಯದನ್ನು ಬಲಕ್ಕೆ ಬರೆದುಕೊಂಡಿತ್ತು. ಗ್ಯಾರೇಜ್‌ಬ್ಯಾಂಡ್‌ನಲ್ಲಿ ಇನ್‌ಪುಟ್ 1 ಮಾತ್ರ, ಮೋನೋ, ಅಂತ ಆರಿಸಿದರೆ ದನಿ ನಡುವೆ ಬರುತ್ತದೆ. ಜಾಗವೂ ಉಳಿಯುತ್ತದೆ. 24 ಬಿಟ್, 48 ಕಿಲೋಹರ್ಟ್ಸ್ ಗುಣಮಟ್ಟದಲ್ಲಿ ಮೋನೋ (ಒಂದೇ ದಾರಿ) ಅಂದರೆ ಗಂಟೆಗೆ ಸುಮಾರು 520 ಎಂಬಿ, ಸ್ಟೀರಿಯೋ ಅಂದರೆ ಅದರ ಎರಡರಷ್ಟು.

ಆಂಡ್ರಾಯ್ಡ್ ಟ್ಯಾಬಿನ ಕಥೆ ಚಿಕ್ಕದು. 2014ರ ಆಂಡ್ರಾಯ್ಡ್ 5ರಿಂದಲೇ ಯುಎಸ್‌ಬಿ ಆಡಿಯೋಗೆ ಅವಕಾಶ ಇದೆ. ಟೈಪ್-ಸಿ ವೈರು ಹಾಕಿದೆ, ಪೆಟ್ಟಿಗೆಯ ದೀಪ ಹತ್ತಿತು, ರೆಕಾರ್ಡರ್ ಓಡಿತು. ಆದರೂ ನನಗೆ ಅನುಮಾನ. ಮೈಕಿನ ಜಾಲರಿಯನ್ನು ಉಗುರಿಂದ ಕೆರೆದೆ, ಪರದೆಯ ಮೇಲಿನ ಗೆರೆ ಅಲುಗಲಿಲ್ಲ. ಟ್ಯಾಬಿನ ಅಂಚು ಕೆರೆದೆ, ಗೆರೆ ಎಗರಿತು. ಟ್ಯಾಬಿನ ಜೊತೆ ಬಂದಿದ್ದ ಆಪ್ ಹೊರಗಿನ ಮೈಕನ್ನು ಕ್ಯಾರೇ ಅಂದಿರಲಿಲ್ಲ. ಯುಎಸ್‌ಬಿ ಆಡಿಯೋ ರೆಕಾರ್ಡರ್ ಪ್ರೋ ಅನ್ನುವ ಆಪ್‌ಗೆ ದುಡ್ಡು ಕೊಟ್ಟ ಮೇಲೆ ಸರಿಹೋಯಿತು. ಯಾವ ಟ್ಯಾಬಾದರೂ ಈ ಕೆರೆಯುವ ಪರೀಕ್ಷೆ ಮಾಡದೆ ನಾನೀಗ ಹಾಡಿ ಅನ್ನುವುದಿಲ್ಲ. ಹೆಡ್‌ಫೋನ್ ತೂತಿಲ್ಲದ ಟ್ಯಾಬಿಗೆ ಕಾಲರ್ ಮೈಕು ಹಾಕಲು ಟೈಪ್-ಸಿ ತುಂಡು ಅಡಾಪ್ಟರ್ ಕೊಳ್ಳುವವರೂ ಹುಷಾರು. ಒಳಗೆ ಚಿಪ್ಪಿಲ್ಲದ ಅಗ್ಗದವು ಎಷ್ಟೋ ಟ್ಯಾಬುಗಳಲ್ಲಿ ಕೆಲಸವೇ ಮಾಡುವುದಿಲ್ಲ. ಪೇಟೆಯ ಅಂಗಡಿಯಲ್ಲಿ ನಾನು ತಂದ ಎರಡು ಈಗ ಕೀ ಗೊಂಚಲಿನಲ್ಲಿವೆ.

ಒಂದು ಭಾನುವಾರ ಕುವೆಂಪುನಗರದ ಮನೆಯ ಮಹಡಿಯಲ್ಲಿ ಕೂತು ಮೂರನ್ನೂ ಒಂದರ ಹಿಂದೆ ಒಂದು ಕೇಳಿದೆ. ಅದೇ ರಾಗಿ ಬೀಸೋ ಪದ, ಮೂರು ದಿನ, ಮೂರು ಮೈಕು. ಮೂರರಲ್ಲೂ ದನಿ ಒಡೆಯದಿರಲಿ ಅಂತ ಪರದೆಯ ಮೇಲಿನ ದನಿಯ ಗೆರೆ ಮೈನಸ್ 12 ಡೆಸಿಬಲ್ ದಾಟದ ಹಾಗೆ ಹಿಡಿದಿದ್ದೆ. ಕಂಡೆನ್ಸರಿನದ್ದು ಕೇಳಿದರೆ ದೊಡ್ಡವ್ವ ಎದುರಿಗೇ ಕೂತಿದ್ದಾಳೆ. ಬೀಸೋಕಲ್ಲಿನ ಗರಗರ ಬೇರೆ, ಹಿಟ್ಟು ಉದುರುವುದು ಬೇರೆ. ಅದರ ಜೊತೆಗೇ ನಾಲೆ ಏರಿ ಮೇಲೆ ಹೋದ ಕಬ್ಬಿನ ಟ್ರ್ಯಾಕ್ಟರು, ಅದರ ಸ್ಪೀಕರಿನ ಹಾಡು, ಪಕ್ಕದ ಮನೆಯ ಕುಕ್ಕರಿನ ಮೂರು ವಿಷಲ್. ಯುಎಸ್‌ಬಿ ಮೈಕಿನದ್ದರಲ್ಲಿ ಇದ್ಯಾವುದೂ ಇಲ್ಲ, ದನಿ ಗಟ್ಟಿ, ಆದರೆ ಕಲ್ಲಿನ ಸದ್ದೂ ಮಬ್ಬು. ಕಾಲರ್ ಮೈಕಿನದ್ದು ಒಂಚೂರು ತೆಳು, ಹಿಂದೆ ಸಣ್ಣಗೆ ಸುಯ್ ಇದೆ. ಪದ ಮಾತ್ರ ಪೂರ್ತಿ ಇದೆ. ಉಳಿದೆರಡರಲ್ಲಿ ಅವಳು ನುಂಗಿಬಿಟ್ಟ ಎರಡು ನುಡಿ ಇದರಲ್ಲಿವೆ. ಮುಜುಗರಕ್ಕೆ ಬಿಟ್ಟಿದ್ದಳೋ ಮರೆತಿದ್ದಳೋ, ನಾನು ಕೇಳಲಿಲ್ಲ.

ಹಾಗಾಗಿ ಊರಿಗೆ ನನ್ನ ಓಟು ಕಾಲರ್ ಮೈಕಿಗೆ. ಇಂಟರ್‌ಫೇಸ್ ಮೈಸೂರಿನ ಮನೆಯಲ್ಲಿ ಉಳಿಯಿತು. ಹೆಂಡತಿಯ ವೀಣೆಗೆ ಅದರ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ. ಮೀಟಿದ ತಂತಿಯ ನಾದ ಕೊನೆಯ ಎಳೆಯವರೆಗೂ ಸಿಗುತ್ತದೆ. ರಾತ್ರಿ ಹತ್ತರ ಮೇಲೆ, ಬಸ್ಸು ನಿಂತ ಮೇಲೆ, ಕಿಟಕಿಗೆ ಕಂಬಳಿ ಹಾಕಿ ಕೂರುತ್ತೇವೆ. ಮನೆಯಲ್ಲೇ ಇಂಥ ಹುಚ್ಚು ಈ ಊರಿಗೆ ಹೊಸದಲ್ಲ ಬಿಡಿ. ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದ್ದರು. ಯುಎಸ್‌ಬಿ ಮೈಕು ಒಳ್ಳೆಯದೇ. ಒಂದೇ ಕಡೆ ಕೂತು ಮಾತಾಡುವವರಿಗೆ, ಮೇಷ್ಟ್ರುಗಳಿಗೆ ಅದನ್ನೇ ಹೇಳುತ್ತೇನೆ. ಗೆಳೆಯನಿಗೆ ವಾಪಸು ಕೊಟ್ಟೆ.

ವೈರ್‌ಲೆಸ್ ಕಾಲರ್ ಮೈಕು ಯಾಕೆ ಬೇಡ ಅಂತ ಕೇಳುತ್ತಾರೆ. ಒಮ್ಮೆ ಬಾಡಿಗೆಗೆ ತಂದಿದ್ದೆ. ಸಲೀಸು, ನಿಜ. ಆದರೆ ಇನ್ನೊಂದು ಬ್ಯಾಟರಿಯ ಚಿಂತೆ, ಮತ್ತೆ ಅದರ ದಪ್ಪ ಡಬ್ಬಿ ತೆಳು ಸೀರೆಯನ್ನು ಜಗ್ಗುತ್ತದೆ. ಆರು ಮೀಟರ್ ವೈರು ಜಗಲಿಯಿಂದ ಒಲೆವರೆಗೆ ಹೇಗೂ ಸಾಕು.

ಕಬ್ಬು ಕಡಿದ ಮೇಲೆ ಬಾ, ಬೀಗರ ಪದ ಇನ್ನೂ ಬೇಕಾದಷ್ಟಿವೆ ಅಂದಿದ್ದಾಳೆ. ಬ್ಯಾಗಿನಲ್ಲಿ ಜಿರಲೆ, ಕವಲು ಅಡಾಪ್ಟರ್, ಪವರ್ ಬ್ಯಾಂಕ್. ದೊಡ್ಡಪ್ಪನ ಫೋನನ್ನು ಕೊಟ್ಟಿಗೆಗೆ ಕಳಿಸುವುದು ಹೇಗೆ ಅನ್ನೋದೊಂದು ಬಾಕಿ.