ತೂತಾದ ರೇಷ್ಮೆಗೂಡು, ಮುರಿದ ಚಂದ್ರಂಕಿ: ಕ್ರಿಸ್‌ಮಸ್ ಅಲಂಕಾರಕ್ಕೆ ಎಷ್ಟು ಒದಗುತ್ತವೆ?

ಚಿಟ್ಟೆ ಹೊರಬಂದ ಗೂಡನ್ನು ನೂಲು ತೆಗೆಯುವ ರೀಲರ್ ಮುಟ್ಟುವುದಿಲ್ಲ. ಎಳೆ ಕಡಿದುಹೋಗಿರುತ್ತದೆ, ಒಂದೇ ನೂಲಾಗಿ ಬಿಚ್ಚಲು ಬರುವುದಿಲ್ಲ. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಚಂದ್ರಂಕಿ. ಮುರಿದರೆ ಅದಕ್ಕೂ ಅದೇ ಗತಿ, ನೀರೊಲೆಗೆ ಹೋಗುತ್ತದೆ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹುಳು ಸಾಕುವ ಮನೆಗಳಲ್ಲಿ ಹೀಗೆ ಮೂಲೆ ಸೇರುವ ಈ ಎರಡು ವಸ್ತುಗಳು ಕ್ರಿಸ್‌ಮಸ್ ಅಲಂಕಾರಕ್ಕೆ ಅಂಗಡಿಯ ಪ್ಲಾಸ್ಟಿಕ್ ಗಂಟೆ, ಮಿಂಚುಹಾರಗಳಿಗಿಂತ ಎಷ್ಟೋ ಮೇಲು. ಆದರೆ ಅವುಗಳ ಗುಣ ತಿಳಿದು ಕೈಹಾಕಬೇಕು. ತಿಳಿಯದೆ ಮಾಡಿದರೆ ಹಬ್ಬದ ಹೊತ್ತಿಗೆ ಮನೆಯೆಲ್ಲ ವಾಸನೆ.

ಮೊದಲು ಗೂಡು. ಬೈವೋಲ್ಟಿನ್ ಎಂಬ ತಳಿಯ ಬಿಳಿ ಗೂಡು ದಪ್ಪ, ಗಟ್ಟಿ. ಕತ್ತರಿಸಿದರೂ ಆಕಾರ ಬಿಡುವುದಿಲ್ಲ, ಗಂಟೆಗೆ ಇದೇ ಸರಿ. ಹಳದಿ-ಹಸಿರು ಛಾಯೆಯ ಸಿಬಿ, ಅಂದರೆ ಮಿಶ್ರತಳಿ ಗೂಡು ತುಸು ತೆಳು. ಎಸಳು ಬಾಗಿಸಲು ಸುಲಭ, ಹೂವಿಗೆ ಚೆನ್ನ. ಖಾಲಿ ಗೂಡು ಸಿಗುವುದು ಮೊಟ್ಟೆ ತಯಾರಿಸುವ ಬಿತ್ತನೆ ಕೇಂದ್ರಗಳ ಕಡೆಯಿಂದ. ಮನೆಯಲ್ಲೇ ಉಳಿದ ಜೋಡಿ ಗೂಡು (ಎರಡು ಹುಳು ಸೇರಿ ಕಟ್ಟಿದ್ದು), ಕಲೆಯ ಗೂಡಾದರೆ ಒಳಗೆ ಕೋಶ, ಅಂದರೆ ಇನ್ನೂ ಚಿಟ್ಟೆಯಾಗದ ಹುಳು ಇರುತ್ತದೆ. ಅದನ್ನು ತೆಗೆಯದೆ ಹಾರ ಪೋಣಿಸಿದರೆ ಒಳಗೇ ಕೊಳೆತು ನಾರುತ್ತದೆ, ದುಂಬಿ ಬಂದು ಗೂಡನ್ನೇ ಕೊರೆಯುತ್ತದೆ. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ. ಟಕಟಕ ಎಂದರೆ ಕೋಶ ಒಳಗಿದೆ.

ಚಿಟ್ಟೆ ಹೊರಗೆ ಬರುವಾಗ ಒಂದು ತುದಿಗೆ ದ್ರವ ಬಿಟ್ಟು ಅದನ್ನು ಮೆತ್ತಗೆ ಮಾಡಿಕೊಳ್ಳುತ್ತದೆ. ಕಂದು ಕಲೆ ಬೀಳುವುದು ಅಲ್ಲೇ. ಆ ತುದಿಯಿಂದ ಒಂದು ಸೆಂಟಿಮೀಟರ್ ಕತ್ತರಿಸಿ ಎಸೆದರೆ ಕಲೆಯೂ ಹೋಯಿತು, ಗಂಟೆಗೆ ಬಾಯಿಯೂ ಆಯಿತು. ಉಗುರು ಕತ್ತರಿಸುವ ಸಣ್ಣ ಕತ್ತರಿ ಸಾಕು, ಆದರೆ ಹರಿತ ಇರಬೇಕು. ಮೊಂಡಾಗಿದ್ದರೆ ಗೂಡಿನ ಪದರಗಳು ಈರುಳ್ಳಿಯಂತೆ ಬಿಟ್ಟುಕೊಂಡು ಅಂಚು ಚಿಂದಿಯಾಗುತ್ತದೆ. ಒಳಗಿನ ಪೊರೆ ಕೊಡವಿ, ತಣ್ಣೀರಿಗೆ ಸ್ವಲ್ಪ ಸೋಪು ಹಾಕಿ ಹತ್ತು ನಿಮಿಷ ಅದ್ದಿಡಿ. ಬಿಸಿನೀರು ಮಾತ್ರ ಬೇಡ. ಗೂಡನ್ನು ಗಟ್ಟಿಯಾಗಿ ಹಿಡಿದಿರುವುದು ಸೆರಿಸಿನ್ ಎಂಬ ಅಂಟು, ಅದು ಕುದಿನೀರಿನಲ್ಲಿ ಕರಗುತ್ತದೆ. ನೂಲು ಬಿಚ್ಚುವ ಫಿಲೇಚರಿನಲ್ಲಿ ಗೂಡು ಬೇಯಿಸುವುದೇ ಅದಕ್ಕೆ. ಮನೆಯಲ್ಲಿ ಹಾಗೆ ಮಾಡಿದರೆ ಗಂಟೆಯ ಬದಲು ಒದ್ದೆ ಹತ್ತಿಯ ಮುದ್ದೆ ಕೈಗೆ ಬರುತ್ತದೆ. ತೊಳೆದ ಮೇಲೆ ಒಳಗೆ ಕಾಗದದ ಉಂಡೆ ತುರುಕಿ ನೆರಳಲ್ಲಿ ಒಂದು ದಿನ ಒಣಗಿಸಿ. ಖಾಲಿ ಬಿಟ್ಟರೆ ತಗ್ಗು ಬೀಳುತ್ತದೆ.

ಬಣ್ಣದ ವಿಷಯ. ಅರಿಶಿನ ಒಳ್ಳೆಯ ಹೊಂಬಣ್ಣ ಕೊಡುತ್ತದೆ, ಆದರೆ ಬಿಸಿಲಿಗೆ ಬೇಗ ಬಿಳಚಿಕೊಳ್ಳುತ್ತದೆ. ಒಳಮನೆಗೆ ಸರಿ, ಜಗುಲಿಗಲ್ಲ. ಅಡುಗೆಯ ಕೆಂಪು, ಹಸಿರು ಬಣ್ಣದ ಪುಡಿಗೆ ಒಂದು ಲೋಟ ಉಗುರುಬೆಚ್ಚಗಿನ ನೀರು, ಒಂದು ಚಮಚ ವಿನೆಗರ್ ಸೇರಿಸಿ ಅರ್ಧ ಗಂಟೆ ನೆನೆಸಿದರೆ ಚೆನ್ನಾಗಿ ಹಿಡಿಯುತ್ತದೆ. ರೇಷ್ಮೆ ಪ್ರೋಟೀನ್ ನಾರು, ಹುಳಿಯಿದ್ದರೆ ಬಣ್ಣ ಅದಕ್ಕೆ ಕಚ್ಚುತ್ತದೆ. ಹಾಗೆ ನೋಡಿದರೆ ಬಿಳಿ ಗೂಡಿಗೆ ಬಣ್ಣವೇ ಬೇಡ. ಸಂಜೆ ದೀಪದಲ್ಲಿ ಅದರ ಹೊಳಪಿಗೆ ಯಾವ ಬಣ್ಣವೂ ಸಮನಲ್ಲ.

ಹೂವಿಗೆ ಗೂಡನ್ನು ಉದ್ದಕ್ಕೆ ಆರು ಸೀಳು ಮಾಡಿ, ಬುಡದಲ್ಲಿ ಅರ್ಧ ಸೆಂಟಿಮೀಟರ್ ಬಿಡಿ. ಎಸಳು ತುಸು ತೇವ ಇರುವಾಗಲೇ ಚಮಚದ ಹಿಡಿಗೆ ಸುತ್ತಿ ಬಾಗಿಸಿ. ಅಂಟಿಸಿದ ಹೂವು ಎರಡೇ ದಿನಕ್ಕೆ ಉದುರುತ್ತದೆ ಎನ್ನುವವರು ಬಹಳ. ಅದು ಅಂಟಿನ ತಪ್ಪಲ್ಲ. ಗೂಡಿನ ಮೇಲೆ ಜೇಡರ ಬಲೆಯಂಥ ಸಡಿಲ ಎಳೆ ಇರುತ್ತದೆ. ಅದನ್ನು ಬೆರಳಲ್ಲಿ ಉಜ್ಜಿ ತೆಗೆಯದಿದ್ದರೆ ಫೆವಿಕಾಲ್ ಹಿಡಿಯುವುದು ಆ ಎಳೆಯನ್ನು, ಗೂಡನ್ನಲ್ಲ. ಬಾಗಿಲಿಗೆ ತೂಗುಹಾಕುವ 25 ಸೆಂಟಿಮೀಟರ್ ಅಗಲದ ಬಳೆಯಾಕಾರದ ಹಾರಕ್ಕೆ ಒಂದು ಸಾಲು ಗೂಡು ಒತ್ತೊತ್ತಾಗಿ ಕೂರಿಸಲು 40ರಿಂದ 45 ಬೇಕು.

ಇನ್ನು ಚಂದ್ರಂಕಿ. ಇದರ ಬಿದಿರು ಕಡ್ಡಿ ನಕ್ಷತ್ರಕ್ಕೆ. ಹುಳು ಗೂಡು ಕಟ್ಟುವ ಮೊದಲು ಅದರ ಮೇಲೇ ಮೂತ್ರ ಬಿಡುತ್ತದೆ, ಸಾಲದ್ದಕ್ಕೆ ಬ್ಲೀಚಿಂಗ್ ಪೌಡರ್, ಫಾರ್ಮಾಲಿನ್ ಸಿಂಪಡಿಸಿರುತ್ತಾರೆ. ಬಿದಿರನ್ನು ಬಿಡಿಸಿ, ಸೋಪಿನ ನೀರಲ್ಲಿ ಉಜ್ಜಿ, ಒಂದು ದಿನ ಬಿಸಿಲಿಗೆ ಹಾಕದೆ ಮಕ್ಕಳ ಕೈಗೆ ಕೊಡಬೇಡಿ. ಕಡ್ಡಿಯನ್ನು ನೆಲಕ್ಕೆ ಕುಟ್ಟಿದಾಗ ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆ ಹಿಡಿದಿದೆ, ಒಲೆಗೇ ಹಾಕಿ.

ಎರಡಡಿ ನಕ್ಷತ್ರಕ್ಕೆ 60 ಸೆಂಟಿಮೀಟರಿನ ಹತ್ತು ಕಡ್ಡಿ ಬೇಕು. ಪ್ರತಿ ಕಡ್ಡಿಗೂ ಎರಡೂ ತುದಿಯಿಂದ 23 ಸೆಂಟಿಮೀಟರಿಗೆ ಗುರುತು ಹಾಕಿ. ಕಡ್ಡಿಗಳು ಒಂದನ್ನೊಂದು ದಾಟಬೇಕಾದದ್ದು ಅಲ್ಲೇ. ಗುರುತಿಲ್ಲದೆ ಕಣ್ಣಳತೆಯಲ್ಲಿ ಕಟ್ಟಿದರೆ ಒಂದು ಕೈ ಉದ್ದ, ಒಂದು ಗಿಡ್ಡ. ಐದೈದು ಕಡ್ಡಿಯ ಎರಡು ನಕ್ಷತ್ರ ಕಟ್ಟಿ, ಒಂದರ ಮೇಲೊಂದಿಟ್ಟು ಐದು ತುದಿಗಳನ್ನು ಟೈನ್ ದಾರದಲ್ಲಿ ಬಿಗಿಯಿರಿ. ದಾಟುವ ಐದು ಜಾಗದಲ್ಲಿ 12 ಸೆಂಟಿಮೀಟರಿನ ತುಂಡು ನಿಲ್ಲಿಸಿದರೆ ಹೊಟ್ಟೆ ಉಬ್ಬುತ್ತದೆ. ಹಳೇ ಬಿದಿರು ಇಲ್ಲೇ ಕೈಕೊಡುತ್ತದೆ: ಒಣಗಿ ಪೆಡಸಾಗಿರುವುದರಿಂದ ಬಾಗಿಸಿದ ಕೂಡಲೇ ಲಟಕ್ಕನೆ ಮುರಿಯುತ್ತದೆ. ಹಿಂದಿನ ರಾತ್ರಿಯೇ ನೀರಲ್ಲಿ ಮುಳುಗಿಸಿಡಿ. ಆಗಲೂ ಸೀಳು ಬಿಟ್ಟರೆ ತುಂಡನ್ನು 8 ಸೆಂಟಿಮೀಟರಿಗೆ ಇಳಿಸಿ.

ಹೊದಿಕೆಗೆ ಗಾಳಿಪಟದ ಕಾಗದ. ಹಿಂದೆ, ಮುಂದೆ, ಆಮೇಲೆ ಪಕ್ಕಕ್ಕೆ ಹತ್ತು ತ್ರಿಕೋನ. ಒಂದು ತ್ರಿಕೋನವನ್ನು ಬಲ್ಬ್ ಬದಲಿಸಲು ತೆರೆಯುವಂತೆ ಬಿಡಿ. ಅಂಟಿಗೆ ಎರಡು ಚಮಚ ಮೈದಾ, ಒಂದು ಲೋಟ ನೀರು ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಗಂಜಿಯಂತೆ ಹೊಳೆಯುವವರೆಗೆ ಕೈಯಾಡಿಸಿ. ಅಂದಂದಿಗೆ ಮಾಡಿಕೊಳ್ಳಬೇಕು, ಇಟ್ಟರೆ ಹುಳಿ ಬರುತ್ತದೆ. ಕಾಗದವನ್ನು ತಮಟೆಯಂತೆ ಬಿಗಿ ಎಳೆಯಬೇಡಿ. ಈ ಸೀಮೆಯ ಡಿಸೆಂಬರ್ ಇಬ್ಬನಿಗೆ ಬೆಳಗ್ಗೆ ಜೋಲುವ ಕಾಗದ ಮಧ್ಯಾಹ್ನದ ಬಿಸಿಲಿಗೆ ಸೆಟೆದು ಮೂಲೆಯಲ್ಲಿ ಹರಿಯುತ್ತದೆ. ಸೂರಿನ ಒಳಗೆ ಕಟ್ಟಿದರೆ ಒಳ್ಳೆಯದು. ಬಲ್ಬ್ 3ರಿಂದ 5 ವ್ಯಾಟಿನ ಎಲ್ಇಡಿ ಮಾತ್ರ. ಹಳೇ 40 ವ್ಯಾಟಿನ ಬುರುಡೆ ಕಾಗದವನ್ನು ಸುಡುತ್ತದೆ.

ಅಂಗಡಿಯ ಮಡಚುವ ನಕ್ಷತ್ರವನ್ನು ತೆಗಳುವಂತಿಲ್ಲ. ಎರಡೇ ನಿಮಿಷಕ್ಕೆ ನಿಲ್ಲುತ್ತದೆ, ಬಾಡಿಗೆ ಮನೆಯವರಿಗೆ ಮಡಚಿ ಒಯ್ಯಲು ಅನುಕೂಲ. ಆದರೆ ಮಡಿಕೆಯ ಗೆರೆಯಲ್ಲಿ ಹರಿದರೆ ಅಲ್ಲಿಗೆ ಮುಗಿಯಿತು. ಬಿದಿರಿನ ಹಂದರ ಹಾಗಲ್ಲ, ಕಾಗದ ಬದಲಿಸಿದರೆ ಮುಂದಿನ ವರ್ಷಕ್ಕೂ ಆಗುತ್ತದೆ.

ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಲ್ಲಿ ತೋರಿಸುವ ಗೋದಲಿಗೆ ರಾಗಿ ಪೈರಿಗಿಂತ ಒಳ್ಳೆಯ ಹುಲ್ಲಿಲ್ಲ. ಗೋಧಿ ಬೇಗ ಎತ್ತರವಾಗಿ ಕುರಿ, ಕುರುಬರ ಗೊಂಬೆಗಳನ್ನೇ ಮುಚ್ಚಿಬಿಡುತ್ತದೆ. ರಾಗಿ ಸಣ್ಣಗೆ, ದಟ್ಟವಾಗಿ ಬರುತ್ತದೆ. ಒಂದು ಹಿಡಿ ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಂದಂಗುಲ ಮಣ್ಣು ಹಾಕಿದ ತಟ್ಟೆಗೆ ಡಿಸೆಂಬರ್ 12ರ ಸುಮಾರಿಗೆ ಚೆಲ್ಲಿ. ಚಳಿ ಹೆಚ್ಚಿದ್ದರೆ ಎರಡು ದಿನ ಮೊದಲೇ ಆಗಲಿ. ನೀರು ಚಿಮುಕಿಸಬೇಕೇ ಹೊರತು ಸುರಿಯಬಾರದು. ನಿಂತ ನೀರಿಗೆ ಬೂಷ್ಟು ಬಂದು ಬುಡ ಕೊಳೆಯುತ್ತದೆ. ಕತ್ತಲ ಮೂಲೆಯಲ್ಲಿಟ್ಟರೆ ಹಳದಿಯಾಗಿ ಮಲಗಿಬಿಡುತ್ತದೆ.

ಮರಕ್ಕೆ ಸರ್ವೆ ಕೊಂಬೆ, ಒದ್ದೆ ಮರಳಿನ ಬಕೆಟ್ಟಿನಲ್ಲಿ. ಮೊದಲೇ ಕಡಿದು ತಂದರೆ ಹಬ್ಬದೊಳಗೆ ಎಲೆ ಉದುರುತ್ತದೆ, 22ರ ನಂತರ ತನ್ನಿ. ಹಗುರ ಕೊಂಬೆಗೆ ಗೂಡಿನ ಗಂಟೆಗಳೇ ಹೇಳಿಮಾಡಿಸಿದವು, ಭಾರವೇ ಇಲ್ಲ. ಸೀರಿಯಲ್ ಸೆಟ್ಟಿನ ಎಲ್ಇಡಿಗಳನ್ನು ಒಂದೊಂದು ಗಂಟೆಯ ಒಳಗೆ ತೂರಿಸಿ ನೋಡಿ, ಬೆಳಕು ಹಾಲಿನಂತೆ ಹರಡುತ್ತದೆ. ಹಿಮಕ್ಕೆಂದು ಹತ್ತಿ ಹರಡುವುದು ಮಾತ್ರ ಬೇಡವೇ ಬೇಡ. ಮೇಣದ ಬತ್ತಿಯ ಒಂದು ಕಿಡಿಗೆ ಹತ್ತಿ ಭಗ್ಗೆನ್ನುತ್ತದೆ. ಹಳೇ ಲಗ್ನಪತ್ರಿಕೆಗಳಿದ್ದರೆ ಸಣ್ಣ ನಕ್ಷತ್ರ ಕತ್ತರಿಸಿ, ಅದರ ಹೊನ್ನಿನ ಅಚ್ಚು ದೀಪಕ್ಕೆ ಚೆನ್ನಾಗಿ ಮಿರುಗುತ್ತದೆ.

ಜನವರಿ 6 ಕಳೆದು ಇಳಿಸಿದ ಮೇಲೆ ಗೂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ತೇವ ಉಳಿದು ಬೂಷ್ಟು ಹಿಡಿಯುತ್ತದೆ. ಒಂದು ಬಿಸಿಲು ತೋರಿಸಿ, ಒಣಗಿದ ಬೇವಿನೆಲೆಯೊಂದಿಗೆ ತಗಡಿನ ಡಬ್ಬಿಗೆ ಹಾಕಿ. ಮಳೆಗಾಲದಲ್ಲಿ ಒಮ್ಮೆ ತೆರೆದು ನೋಡಿ. ತಳದಲ್ಲಿ ಕಂದು ಪುಡಿ ಕಂಡರೆ ದುಂಬಿ ಸೇರಿದೆ ಎಂದೇ ಲೆಕ್ಕ, ಆ ಗೂಡುಗಳನ್ನು ಆರಿಸಿ ತೆಗೆದು ಉಳಿದವನ್ನು ಮತ್ತೆ ಬಿಸಿಲಿಗೆ ಹಾಕಿ.