ಸರ್ವಿಸ್ ಸೆಂಟರೋ, ಗ್ಯಾರೇಜೋ, ಸ್ವಂತ ಕೈಯೋ?

ಕಾರಿನ ಸರ್ವಿಸ್ ಎಲ್ಲಿ ಮಾಡಿಸುವುದು ಎಂದು ಕೇಳಿದರೆ, ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪರಿಚಯದ ಮೆಕ್ಯಾನಿಕ್‌ಗೆ. ಆಯಿಲ್, ಫಿಲ್ಟರ್ ನಾನೇ ಕೊಂಡು ತರುತ್ತೇನೆ, ಅವರಿಗೆ ಕೆಲಸದ ಕೂಲಿ. ವಾರಂಟಿ ಇರುವವರೆಗೆ ಕಂಪನಿ ಸರ್ವಿಸ್ ಸೆಂಟರ್‌ಗೆ ಹೋಗುತ್ತಿದ್ದೆ. ಆಮೇಲೆ ಅರ್ಧ ಗಂಟೆಯಲ್ಲಿ ಆಯಿಲ್ ಬದಲಿಸಿ ಕಳಿಸುವ ಅಂಗಡಿಯನ್ನೂ ನೋಡಿದೆ. ಸಣ್ಣಪುಟ್ಟ ಕೆಲಸಕ್ಕೆ ನಾನೇ ಸ್ಪ್ಯಾನರ್ ಹಿಡಿದದ್ದೂ ಉಂಟು.

ಸರ್ವಿಸ್ ಸೆಂಟರ್‌ನವರ ಕೆಲಸದ ಬಗ್ಗೆ ನನ್ನ ತಕರಾರಿಲ್ಲ. ಸಾಫ್ಟ್‌ವೇರ್ ಅಪ್‌ಡೇಟ್, ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ಗಾಡಿ ಕರೆಸುವುದು) ಇದ್ದರೆ ಈಗಲೂ ಅಲ್ಲಿಗೇ. ಕಿರಿಕಿರಿಯೆಲ್ಲ ಮಾಡಬೇಕಾದ ಕೆಲಸಗಳನ್ನು ಅವರು ಪಟ್ಟಿ ಮಾಡುವ ಜಾಬ್ ಕಾರ್ಡಿನದು. ಮ್ಯಾನುಯಲ್‌ನಲ್ಲಿ ಆಯಿಲ್, ಆಯಿಲ್ ಫಿಲ್ಟರ್, ಒಂದಿಷ್ಟು ತಪಾಸಣೆ ಎಂದಷ್ಟೇ ಇದ್ದರೆ, ಕಾರ್ಡಿನಲ್ಲಿ ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಎಸಿ ಕ್ಲೀನಿಂಗ್ ಬಂದು ಕೂತಿರುತ್ತವೆ. 'ಇದು ಮ್ಯಾನುಯಲ್‌ನ ಯಾವ ಪುಟದಲ್ಲಿದೆ, ತೋರಿಸಿ ಸಾರ್' ಎಂದರೆ ಗೆರೆ ಎಳೆದು ತೆಗೆಯುತ್ತಾರೆ. ಕೇಳದಿದ್ದರೆ ಬಿಲ್ಲಿಗೆ ಬರುತ್ತವೆ.

ಅರ್ಧ ಗಂಟೆಯ ಅಂಗಡಿ ನಿಜಕ್ಕೂ ಅಗ್ಗ, ಡ್ರೈನ್ ಬೋಲ್ಟಿನ ಗ್ರಹಚಾರ ಇಲ್ಲದಿದ್ದರೆ. ಹಳೇ ಆಯಿಲ್ ಇಳಿಸಲು ಎಂಜಿನ್ನಿನ ತಳದಲ್ಲಿ ಬಿಚ್ಚುವ ಬೋಲ್ಟು ಅದು. ಬೋಲ್ಟು ಉಕ್ಕಿನದು, ನನ್ನ ಗಾಡಿಯ ಆಯಿಲ್ ಪ್ಯಾನ್, ಅಂದರೆ ಆಯಿಲ್ ನಿಲ್ಲುವ ತಳದ ತಟ್ಟೆ, ಅಲ್ಯೂಮಿನಿಯಂ, ಉಕ್ಕಿಗಿಂತ ಮೆದು. ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಾಕಿ ಮ್ಯಾನುಯಲ್ ಹೇಳಿದಷ್ಟೇ ಬಿಗಿಯಬೇಕು. ಅಲ್ಲಿನ ಹುಡುಗ ಗಾಳಿ ಗನ್ ಹಿಡಿದು ಗರ್ರ್ ಎನ್ನಿಸಿಬಿಟ್ಟ. ಆಗ ಏನೂ ಗೊತ್ತಾಗಲಿಲ್ಲ, ಒಂದು ಹನಿ ಸೋರಲೂ ಇಲ್ಲ.

ಮುಂದಿನ ಸಲ ನಮ್ಮ ಮೆಕ್ಯಾನಿಕ್ ಬಿಚ್ಚಿದಾಗ ಬೋಲ್ಟಿನ ಜೊತೆ ಪ್ಯಾನಿನ ಥ್ರೆಡ್ಡೂ (ಬೋಲ್ಟು ಕೂರುವ ತಿರುಪಿನ ಗೆರೆ) ಸುರುಳಿಯಾಗಿ ಕಿತ್ತು ಬಂತು. ಪ್ಯಾನ್ ಪೂರ್ತಿ ಬದಲಿಸಬೇಕು, ಇಲ್ಲವೇ ತೂತನ್ನು ದೊಡ್ಡದು ಮಾಡಿ ಒಳಗೆ ಉಕ್ಕಿನ ಥ್ರೆಡ್ ಕೂರಿಸಬೇಕು. ಎರಡನೆಯದನ್ನೇ ಮಾಡಿಸಿದೆ. ಕೊರೆದ ಪುಡಿ ಎಂಜಿನ್ನಿನೊಳಗೆ ಉಳಿಯಬಾರದೆಂದು ಹೊಸ ಆಯಿಲ್ ಸ್ವಲ್ಪ ಸುರಿದು ತೊಳೆಯಬೇಕಾಯಿತು. ಅಗ್ಗದ ಅಂಗಡಿಯಲ್ಲಿ ಉಳಿದದ್ದಷ್ಟೂ ಅಲ್ಲಿಗೆ ಸರಿಹೋಯಿತು, ಮೇಲೆ ಕೈಯಿಂದಲೂ ಬಿತ್ತು. ಬೋಲ್ಟಿನ ವಾಷರ್ ಕೂಡ ಹಳೆಯದೇ ಇತ್ತು. ಒಂದು ಸಲ ಅದುಮಿ ಚಪ್ಪಟೆಯಾದ ಮೇಲೆ ಬದಲಿಸಬೇಕಾದ ವಸ್ತು, ಇಡೀ ಸರ್ವಿಸ್‌ನಲ್ಲಿ ಅದಕ್ಕಿಂತ ಅಗ್ಗದ್ದು ಇನ್ನೊಂದಿಲ್ಲ!

ನನ್ನ ಮೆಕ್ಯಾನಿಕ್ ಮಹಾ ಜಾಣರೆಂದೇನೂ ಹೊಗಳುತ್ತಿಲ್ಲ. ಆದರೆ ಆ ಬೋಲ್ಟನ್ನು ಮುಂದಿನ ಸಲವೂ ತಾನೇ ಬಿಚ್ಚಬೇಕು ಎಂದು ಅವರಿಗೆ ಗೊತ್ತು. ಬಿಗಿಯುವ ಕೈ ತಾನಾಗಿಯೇ ಹದಕ್ಕೆ ಬರುತ್ತದೆ.

ಸ್ವಂತ ಕೈಯ ಮಾತು. ಎಸಿ ಫಿಲ್ಟರ್ ಬಹಳಷ್ಟು ಗಾಡಿಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆಯೇ ಇರುತ್ತದೆ, ಅದರ ಮೇಲಿನ ಬಾಣದ ಗುರುತು ಗಾಳಿ ಹೋಗುವ ದಿಕ್ಕಿಗೆ ಇರಲಿ. ಏರ್ ಫಿಲ್ಟರ್‌ಗೆ ನಾಲ್ಕಾರು ಕ್ಲಿಪ್ಪು, ವೈಪರ್‌ಗೆ ಅದೂ ಇಲ್ಲ. ಇವಕ್ಕೆ ಕೂಲಿ ಕೊಡುವುದು ನನಗೆ ಒಗ್ಗದು. ಟೈರಿನ ಗಾಳಿಯನ್ನು ಗಾಡಿ ಓಡಿಸುವ ಮೊದಲು, ಟೈರು ತಣ್ಣಗಿರುವಾಗ ನೋಡಬೇಕು. ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲೋ ಮ್ಯಾನುಯಲ್‌ನಲ್ಲೋ ಇರುತ್ತದೆ. ಟೈರಿನ ಮೈಮೇಲೆ ಬರೆದದ್ದು ಗರಿಷ್ಠ ಮಿತಿ, ಅದನ್ನು ನೋಡಿ ತುಂಬಿಸಬೇಡಿ. ಆಯಿಲ್ ಮಾತ್ರ ನಾನು ಬದಲಿಸುವುದಿಲ್ಲ. ಬರೀ ಜಾಕ್ ನಂಬಿ ಗಾಡಿಯ ಅಡಿಗೆ ನುಸುಳುವ ಧೈರ್ಯ ನನಗಿಲ್ಲ, ಹಳೇ ಆಯಿಲ್‌ಗೆ ದಾರಿ ಕಾಣಿಸುವುದೂ ತಲೆನೋವು.

ಬ್ರೇಕಿನ ವಿಷಯದಲ್ಲಿ ಚೌಕಾಸಿ ಇಲ್ಲ. ಬ್ರೇಕ್ ಫ್ಲುಯಿಡ್ ತೇವ ಹೀರುತ್ತದೆ, ಹೆಚ್ಚಿನ ಕಂಪನಿಗಳು ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುತ್ತವೆ, ಬದಲಿಸುತ್ತೇನೆ.

ಆಯಿಲ್ ಕೊಳ್ಳುವಾಗ ಬ್ರ್ಯಾಂಡಿಗಿಂತ ಡಬ್ಬದ ಮೇಲಿನ 5ಡಬ್ಲ್ಯೂ-30 ಥರದ ಗ್ರೇಡು (ಆಯಿಲ್ ಎಷ್ಟು ಮಂದ ಎಂಬುದು), ಅದರ ಪಕ್ಕದ ಎಪಿಐ ದರ್ಜೆ (ಗುಣಮಟ್ಟದ ಗುರುತು) ಎರಡೂ ಮ್ಯಾನುಯಲ್‌ಗೆ ಹೊಂದುತ್ತವೆಯೇ ನೋಡಿ. ಹೊಂದಿದರೆ ಅಗ್ಗದ ಬ್ರ್ಯಾಂಡೂ ನನಗೆ ಓಕೆ.

ನನ್ನ ಓಡಾಟ ಕಡಿಮೆ. 10,000 ಕಿಲೋಮೀಟರ್ ಮುಟ್ಟುವ ಮೊದಲೇ ವರ್ಷ ತುಂಬುತ್ತದೆ, ಹಾಗಾಗಿ ವರ್ಷಕ್ಕೊಂದು ಸರ್ವಿಸ್. ದಿನವಿಡೀ ಓಡಿಸುವವರಿಗೆ, ಗ್ಯಾರೇಜಿನಲ್ಲಿ ಕಾಯಲು ಪುರುಸೊತ್ತಿಲ್ಲದವರಿಗೆ ಸರ್ವಿಸ್ ಸೆಂಟರೇ ಸಲೀಸು. ನಮ್ಮ ಮೆಕ್ಯಾನಿಕ್ ಅಚ್ಚಾದ ಬಿಲ್ ಕೊಡುವವರಲ್ಲ, ಕೊರತೆ ಅದೊಂದೇ. ಗಾಡಿ ಮಾರುವಾಗ ಕೊಳ್ಳುವವರು ಸರ್ವಿಸ್ ದಾಖಲೆ ಕೇಳುತ್ತಾರಲ್ಲ, ಅದಕ್ಕೇ ತಾರೀಖು, ಕಿಲೋಮೀಟರ್, ಹಾಕಿದ ಆಯಿಲ್ ಯಾವುದು ಎಂದು ಬರೆದು, ಅಂಗಡಿಯ ರಸೀದಿಗಳ ಜೊತೆ ಗ್ಲೋವ್ ಬಾಕ್ಸಿನಲ್ಲಿಟ್ಟಿದ್ದೇನೆ.